ಉಕ್ಕದ ಹಾಲಿನ ನೇರಪ್ರಸಾರ

ಹೊಸ ಫೋನೊಂದು ಬಿಡುಗಡೆಯಾದ ದಿನ ನಾನು ಆಫೀಸಿನಲ್ಲಿ ಮನಸ್ಸಿಟ್ಟು ಕೆಲಸ ಮಾಡಿದ್ದು ನೆನಪಿಲ್ಲ. ಮೀಟಿಂಗಿನಲ್ಲಿ ಕೂತು ತಲೆ ಆಡಿಸುತ್ತಿರುತ್ತೇನೆ. ಮೇಜಿನ ಕೆಳಗೆ, ಯಾರೋ ಅಪರಿಚಿತನೊಬ್ಬ ಆ ಫೋನನ್ನು ಪೆಟ್ಟಿಗೆಯಿಂದ ಹೊರತೆಗೆಯುವ ವಿಡಿಯೊ ಸದ್ದಿಲ್ಲದೆ ಓಡುತ್ತಿರುತ್ತದೆ. ಕೊಳ್ಳುವುದು ಅಪರೂಪ, ನೋಡುವುದು ಮಾತ್ರ ತಪ್ಪುವುದಿಲ್ಲ. "ಇನ್ನೊಬ್ರ ಮದುವೆ ಊಟದ ವಿಡಿಯೊ ನೋಡಿ ತೇಗೋನು ನೀನು" ಎಂದು ಹೆಂಡತಿ ಹೇಳುತ್ತಾಳೆ.

ಕಾಡುಗೋಡಿಯಲ್ಲಿ ನಾವು ಬಾಡಿಗೆಗಿದ್ದ ಕಟ್ಟಡದಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ, ಎಲ್ಲರಿಗೂ ನಾನು 'ಫೋನ್ ಸಾರ್'. ಭಾನುವಾರ ಬೆಳಿಗ್ಗೆ ಬಾಗಿಲು ಬಡಿದರೆ ಯಾರದೋ ಕೈಯಲ್ಲಿ ಯಾವುದೋ ಕಾಯಿಲೆಯ ಫೋನ್ ಇರುತ್ತಿತ್ತು. "ಸಾರ್, ಅಕ್ಷರ ಎಲ್ಲಾ ದೊಡ್ಡದಾಗ್ಬಿಟ್ಟಿದೆ, ಬಸ್ಸಲ್ಲಿ ಪಕ್ಕದಲ್ಲಿರೋರೆಲ್ಲ ನನ್ ಮೆಸೇಜ್ ಓದ್ತಾರೆ." ನಾನು ಗಂಭೀರವಾಗಿ "ಅಪ್‌ಡೇಟ್ ಮಾಡಿದ್ರಾ?" ಎಂದು ಕೇಳುತ್ತಿದ್ದೆ. ಅದನ್ನು ಕೇಳಿದರೆ ಅರ್ಧ ಕಾಯಿಲೆ ವಾಸಿಯಾದಂತೆ ಅವರಿಗೆ ಅನಿಸುತ್ತಿತ್ತು. ಉಳಿದ ಅರ್ಧಕ್ಕೆ ಫೋನನ್ನು ಆರಿಸಿ ಮತ್ತೆ ಹಚ್ಚುತ್ತಿದ್ದೆ.

ದಿನಚರಿಯನ್ನೂ ಫೋನಿನಲ್ಲೇ ಬರೆಯುತ್ತೇನೆ. ನನ್ನ ನೆನಪಿನ ಮೇಲೆ ನನಗೆ ಅಷ್ಟು ವಿಶ್ವಾಸವಿಲ್ಲ. ಒಳ್ಳೆಯ ಮಾತನ್ನೆಲ್ಲ ನಾನೇ ಆಡಿದೆ ಎಂದು ಅದು ಸಾಧಿಸುತ್ತದೆ. ಹಾಗೆಂದು ಫೋನಿನ ನೆನಪನ್ನಾದರೂ ನಂಬೋಣವೆಂದರೆ, ಅದು ಆಗಾಗ ತಾನಾಗಿಯೇ ಹಳೆಯ ಚಿತ್ರಗಳನ್ನು ಪೋಣಿಸಿ 'ಮರೆಯಲಾಗದ ಕ್ಷಣಗಳು' ಎಂದು ತೋರಿಸುತ್ತದೆ. ಒಮ್ಮೆ ಮಾಲಿನಲ್ಲಿ ಕಾರು ನಿಲ್ಲಿಸಿದ ಕಂಬ, ಕುಕ್ಕರಿನ ವಾರಂಟಿ ಚೀಟಿ, ನನ್ನ ಹೆಬ್ಬೆರಳು, ಈ ಮೂರನ್ನು ಸೇರಿಸಿ ಹಿನ್ನೆಲೆಯಲ್ಲಿ ಪಿಟೀಲು ನುಡಿಸಿತ್ತು. ಹಾಗಾಗಿ ನಮ್ಮ ಗೃಹಪ್ರವೇಶದ ದಿನದ ಬಗ್ಗೆ ಬರೆಯುವಾಗ, ಗೊತ್ತಿರುವುದನ್ನು ಗೊತ್ತಿದೆ ಎಂದೂ ಊಹೆಯನ್ನು ಊಹೆ ಎಂದೂ ಹೇಳಿಬಿಡುತ್ತೇನೆ.

ಅದೇ ಕಾಡುಗೋಡಿಯಲ್ಲಿ, ರೈಲು ನಿಲ್ದಾಣದ ಆಚೆ, ಎಂಟನೆಯ ಮಹಡಿಯಲ್ಲಿ ನಾವೊಂದು ಫ್ಲ್ಯಾಟ್ ತೆಗೆದುಕೊಂಡಿದ್ದೆವು. ನನ್ನ ಹೆಂಡತಿ ಧಾರವಾಡದವಳು. ಅವಳನ್ನು ಸಾಕಿ ಬೆಳೆಸಿದವರು ಅವಳ ಅಜ್ಜಿ. ಅಜ್ಜಿಗೆ ಮೊಣಕಾಲಿನ ಆಪರೇಷನ್ ಆಗಿತ್ತು, ಪ್ರಯಾಣ ಸಾಧ್ಯವಿರಲಿಲ್ಲ. ಧಾರವಾಡದಲ್ಲಿ ಮಗಳ ಮನೆಯಲ್ಲಿ ಮಂಚಕ್ಕೆ ದಿಂಬು ಒರಗಿಸಿಕೊಂಡೇ ಅವರು ಒಂದು ಷರತ್ತು ಹಾಕಿದರು.

"ಹಾಲು ಉಕ್ಕೂದನ್ನ ನಾ ಕಣ್ಣಾರೆ ನೋಡ್ಬೇಕು. ಅಲ್ಲೀತನಕ ಅದು ನಿಮ್ಮನಿ ಅಲ್ಲ, ಬಿಲ್ಡರ್‌ನ ಮನಿ."

ಹೆಂಡತಿ ನಕ್ಕಳು. ಆದರೆ ಫೋನ್ ಇಟ್ಟಮೇಲೆ ನನ್ನ ಕಡೆ ತಿರುಗಿ, "ಇದೊಂದು ಸರಿಯಾಗ್ ಆಗ್ಬೇಕು. ಬೇರೆ ಏನ್ ಕೆಟ್ರೂ ಪರವಾಗಿಲ್ಲ" ಎಂದಳು. ನನ್ನ ಜೊತೆ ಬೆಂಗಳೂರಿನ ಕನ್ನಡ ಆಡುವವಳು, ಅಜ್ಜಿಯ ಜೊತೆ ಮಾತಾಡಿದ ಕೂಡಲೇ ಬೇರೆಯೇ ಹುಡುಗಿಯಾಗುತ್ತಾಳೆ. ಆ ಹುಡುಗಿಗೆ ಅಜ್ಜಿಯ 'ಹೂಂ' ಬೇಕಿತ್ತು.

ಇಂಥ ಕೆಲಸಕ್ಕಾಗಿಯೇ ನಾನು ಹುಟ್ಟಿದ್ದು ಎಂದು ನನಗೆ ಅನಿಸಿತು. ಹೊಸ ಕಟ್ಟಡಕ್ಕೆ ಇನ್ನೂ ಗ್ಯಾಸ್ ಸಂಪರ್ಕ ಬಂದಿರಲಿಲ್ಲ. ಅದಕ್ಕೆ ಇಂಡಕ್ಷನ್ ಒಲೆ ತಂದೆ. ಅದರಲ್ಲೂ ಫೋನಿನಿಂದಲೇ ಹಚ್ಚಿ ಆರಿಸಬಹುದಾದ ಒಲೆ. ಅಜ್ಜಿ ಹೇಳಿದ್ದ ಹಿತ್ತಾಳೆ ಪಾತ್ರೆ ಆ ಒಲೆಗೆ ಆಗುವುದಿಲ್ಲವಾದ್ದರಿಂದ ಸ್ಟೀಲಿನದು ಬಂತು. ನನ್ನ ಫೋನಿಗೆ ಮೂರು ಕಾಲಿನ ಸ್ಟ್ಯಾಂಡ್, ಮುಖಕ್ಕೆ ಹಿಡಿಯುವ ಉಂಗುರದಂಥ ದೀಪ. ದೀಪ ಹಾಲಿಗೆ ಯಾಕೆ ಎಂದು ಹೆಂಡತಿ ಕೇಳಿದಳು. ಕಾರಣ ಹೇಳಿದೆ, ಅವಳು ಒಪ್ಪಲಿಲ್ಲ, ದೀಪ ಮಾತ್ರ ಬಂತು.

ಗೃಹಪ್ರವೇಶದ ಬೆಳಿಗ್ಗೆ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನ ಫೋನಿನಲ್ಲಿ ಅಜ್ಜಿಯ ವಿಡಿಯೊ ಕರೆ. ಪಕ್ಕದಲ್ಲಿ ಎಲೆಕ್ಟ್ರಾನಿಕ್ ಸಿಟಿಯಿಂದ ಬಂದಿದ್ದ ನನ್ನ ಸಹೋದ್ಯೋಗಿ ಗೆಳೆಯ, ತನ್ನ ಫೋನಿನಲ್ಲಿ ರೆಕಾರ್ಡ್ ಮಾಡುವ ಜವಾಬ್ದಾರಿ ಹೊತ್ತಿದ್ದ. ಪೂಜೆಗೆ ಬಂದ ಅಯ್ನೋರಿಗೆ ನಾಗಸಂದ್ರದಲ್ಲಿ ಇನ್ನೊಂದು ಗೃಹಪ್ರವೇಶವಿತ್ತು. ಊರಿನ ಈ ಮೂಲೆಯಿಂದ ಆ ಮೂಲೆ. ಮಂತ್ರದ ನಡುವೆ ಮೆಟ್ರೋ ಹಿಡಿಯುವ ಆತುರ ಕೇಳಿಸುತ್ತಿತ್ತು.

ನಾನು ಒಲೆಯನ್ನು ಫೋನಿನಿಂದಲೇ ಜೋರು ಉರಿಗೆ ಹಚ್ಚಿ, ಅಜ್ಜಿಯ ಕರೆಗೆ ಮರಳಿದೆ. ಅಯ್ನೋರು ಹಾಲಿನ ಪಾತ್ರೆಗೆ ವಿಭೂತಿ ಹಚ್ಚಿದರು. ಆಮೇಲೆ ಒಲೆಗೂ ಹಚ್ಚಬೇಕಲ್ಲ. ನಮ್ಮ ಕಡೆ ಹೊಸ ಮಿಕ್ಸರಿಗೂ ಮೂರು ಬೆರಳಿನ ವಿಭೂತಿ ಬೀಳುತ್ತದೆ, ಹೊಸ ಕಾರಿಗೂ ಬೀಳುತ್ತದೆ. ಅವರು ಒದ್ದೆ ವಿಭೂತಿಯಲ್ಲಿ ಬೆರಳದ್ದಿ, ಒಲೆಯ ಮುಂಭಾಗದ ನುಣುಪು ಗಾಜಿನ ಮೇಲೆ ಎಡದಿಂದ ಬಲಕ್ಕೆ ಮೂರು ಪಟ್ಟೆ ಎಳೆದರು. ಒಲೆ 'ಟುಂಯ್' ಎಂದಿತು.

"ಒಲೆನೂ ನಮಸ್ಕಾರ ಮಾಡ್ತು ಗುರು" ಎಂದ ಗೆಳೆಯ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹಾಲು ಕಾಯಿತು. ಅಂಚಿಗೆ ನೊರೆ ಕಟ್ಟಿ ಮೇಲೇರಿತು. ಹೆಂಡತಿ ಕೈಮುಗಿದಳು. ಹಾಲು ಕಂಠದವರೆಗೆ ಬಂದು, ಏನೋ ನೆನಪಾದಂತೆ ನಿಂತು, ಕೆಳಗಿಳಿಯಿತು. ಮತ್ತೆ ಏರಿತು, ಮತ್ತೆ ಇಳಿಯಿತು.

ಫೋನಿನಿಂದ ಅಜ್ಜಿಯ ದನಿ ಬಂತು. "ಅಳಿಯಾರ, ಹಾಲನ್ನ ಯಾರು ಹಿಂದಕ ಜಗ್ಗಾಕತ್ತಾರ?"

"ಈಗ ಉಕ್ಕುತ್ತೆ ಅಜ್ಜಿ."

"ನಾನೂ ಅದನ್ನ ನೋಡಾಕ ಕುಂತೀನಪಾ. ಗುಳಿಗಿ ಸುದ್ದಾ ತಗೊಂಡಿಲ್ಲ."

ಬಗ್ಗಿ ನೋಡಿದೆ. ವಿಭೂತಿಯ ಪಟ್ಟೆಗಳ ಹಿಂದೆ, ಹಾಲಿನ ಲೋಟದ ಚಿತ್ರದ ಪಕ್ಕ ಪುಟ್ಟ ಕೆಂಪು ದೀಪ ಹತ್ತಿತ್ತು. ಆ ಗಾಜೇ ಒಲೆಯ ಗುಂಡಿ. ಅಯ್ನೋರ ಬೆರಳು ಸವರಿಕೊಂಡು ಹೋಗಿ 'ಹಾಲು' ಎಂಬ ಆಯ್ಕೆಯನ್ನು ಒತ್ತಿತ್ತು ಎಂದು ನನ್ನ ಊಹೆ. ಹಾಲು ಉಕ್ಕಿ ಚೆಲ್ಲದಂತೆ ತಡೆಯುವುದೇ ಆ ಆಯ್ಕೆಯ ಕೆಲಸ. ಅಂಗಡಿಯವನು ಇದನ್ನು ದೊಡ್ಡ ಗುಣವೆಂದು ಹೊಗಳಿದ್ದ, ನಾನು ತಲೆದೂಗಿ ಕೊಂಡಿದ್ದೆ.

ಗುಂಡಿ ಒತ್ತಿ ಬದಲಿಸೋಣವೆಂದರೆ ಗಾಜಿನ ಮೇಲೆ ವಿಭೂತಿ. ಪೂಜೆ ನಡೆಯುತ್ತಿರುವಾಗ ಅದನ್ನು ಒರೆಸುವ ಧೈರ್ಯ ನನಗಿರಲಿಲ್ಲ. ಹಿಂದೆ ನಿಂತಿದ್ದ ಬಂಧುಗಳೆಲ್ಲ ನನ್ನ ಬೆರಳನ್ನೇ ನೋಡುತ್ತಿದ್ದರು. ಉಳಿದದ್ದು ಫೋನಿನ ದಾರಿ. ಒಲೆಯ ಆ್ಯಪ್ ಇದ್ದದ್ದು ಅಜ್ಜಿ ಇದ್ದ ಫೋನಿನಲ್ಲೇ.

"ನನ್ ಫೋನಲ್ಲಿ ಹಾಕ್ಕೊಳ್ಳಲಾ ಮಗಾ?" ಗೆಳೆಯ ಪಿಸುಗುಟ್ಟಿದ.

"ಒಟಿಪಿ ನನ್ನ ಫೋನಿಗೇ ಬರೋದು ಕಣೋ."

ಅಯ್ನೋರು ಗಡಿಯಾರ ನೋಡಿದರು. ಕ್ಷಣದ ಕೆಲಸ ಎಂದುಕೊಂಡು ಅಜ್ಜಿಯನ್ನು ಪಕ್ಕಕ್ಕೆ ಸರಿಸಿ ಆ್ಯಪ್ ತೆರೆದೆ, ಉರಿಯನ್ನು ಪೂರ್ತಿ ಏರಿಸಿದೆ. ಅಷ್ಟು ಹೊತ್ತು ಇಳಿದೇರಿ ಆಡುತ್ತಿದ್ದ ಹಾಲು ಒಂದೇ ಸಲಕ್ಕೆ ನುಗ್ಗಿ ಪಾತ್ರೆಯ ಮೈಮೇಲೆ ಹರಿಯಿತು. ಚಪ್ಪಾಳೆ ಬಿತ್ತು. ಒಲೆ ಗಾಬರಿಯಾಗಿ ಕಿರುಚಿ ತಾನೇ ಆರಿಕೊಂಡಿತು. ನಾನು ಕರೆಗೆ ಮರಳಿದಾಗ ಅಜ್ಜಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

"ಏನೂ ಕಾಣವಲ್ತು. ಕರೇದು ಬಂತು." ನಾನು ಆ್ಯಪ್ ತೆರೆದೊಡನೆ ಕರೆಯ ಕ್ಯಾಮೆರಾ ನಿಂತು, ಅಜ್ಜಿಯ ಪರದೆ ಕಪ್ಪಾಗಿತ್ತು.

ಹೆಂಡತಿ ನನ್ನ ಕಡೆ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು ಎನ್ನುವಂಥ ನೋಟ ಅದು.

ಗೆಳೆಯನ ರೆಕಾರ್ಡಿಂಗ್ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆವು. ಅವನು ತನ್ನ ಮುಖವೂ ಬರಲಿ ಎಂದು ಮುಂಭಾಗದ ಕ್ಯಾಮೆರಾದಲ್ಲಿ ತೆಗೆದಿದ್ದ. ಚಿತ್ರದ ಮುಕ್ಕಾಲು ಭಾಗ ಅವನ ಗಡ್ಡ, ಉಳಿದ ಕಾಲು ಭಾಗದಲ್ಲಿ ಹಾಲು ಉಕ್ಕಿತ್ತು. ಅದನ್ನೇ ಬಂಧುಗಳ ಗ್ರೂಪಿಗೆ ಹಾಕಿದೆ. ಹಾಲು ಕಾಯುವ ಮೊದಲೇ ಅಲ್ಲಿ ಅಭಿನಂದನೆಗಳೂ ಕುಣಿಯುವ ಕರಡಿಯ ಸ್ಟಿಕರುಗಳೂ ಬಂದು ಬಿದ್ದಿದ್ದವು. ಈಗ ಹೆಂಡತಿಯ ಸೋದರಮಾವ ಬರೆದರು: "ಹಾಲು ಎಡಕ್ಕೆ ಹರಿದಿದೆ. ಬಲಕ್ಕೆ ಹರಿಯಬೇಕಿತ್ತು." ಮುಂಭಾಗದ ಕ್ಯಾಮೆರಾ ಕನ್ನಡಿಯಂತೆ, ಎಡ ಬಲ ಅದಲುಬದಲಾಗುತ್ತದೆ ಎಂದು ಉತ್ತರಿಸಿದೆ. ಹಿಂದೆ ಗೋಡೆಯ ಮೇಲಿನ 'ಸುಸ್ವಾಗತ' ತಿರುವುಮುರುವಾಗಿರುವುದನ್ನು ನೋಡಿ ಎಂದು ಸಾಕ್ಷಿಯನ್ನೂ ಕೊಟ್ಟೆ. ಅವರು ಕೈಮುಗಿಯುವ ಚಿತ್ರ ಕಳಿಸಿದರು. ಅದು ಒಪ್ಪಿಗೆಯೋ ವ್ಯಂಗ್ಯವೋ ಇವತ್ತಿಗೂ ತಿಳಿದಿಲ್ಲ.

ಧಾರವಾಡದಲ್ಲಿ ಮಗಳ ಮನೆಯವರು ಇನ್ನೊಂದು ಫೋನಿನಲ್ಲಿ ಅಜ್ಜಿಗೆ ಆ ವಿಡಿಯೊ ತೋರಿಸಿದರು. ಮುಗಿದಮೇಲೆ ಅಜ್ಜಿ ಕೇಳಿದರು, "ಈ ಗಡ್ಡದಾಂವ ಯಾರು?"

ಹೆಂಡತಿ ಹೇಳಿದಳು, "ಅಜ್ಜಿ, ಹಿಂದ ನೋಡ, ಹಾಲು ಉಕ್ಕೇತಿ."

"ಅದು ಆಗಿ ಹೋಗಿದ್ದಲ್ಲನ? ಆಗಿದ್ದು ಬ್ಯಾಡ ಯವ್ವಾ. ಆಗೂದು ತೋರ್ಸು."

ಇಷ್ಟು ವರ್ಷ ನಾನು ಕೂಡಿಟ್ಟದ್ದೆಲ್ಲ ಆಗಿಹೋದದ್ದರ ಚಿತ್ರಗಳೇ. ಹೆಂಡತಿ ಆಗಲೇ ಪಾತ್ರೆ ತೊಳೆಯುತ್ತಿದ್ದಳು. ಬಂದವರ ಕಾಫಿಗೆಂದು ತೆಗೆದಿಟ್ಟ ಹಾಲಿನ ಪ್ಯಾಕೆಟ್ಟನ್ನು ಹಲ್ಲಿನಿಂದಲೇ ಹರಿದಳು.

"ಎರಡನೇ ಸಲ ಉಕ್ಕಿಸಬಹುದಾ ಅಯ್ನೋರೇ?" ನಾನು ಕೇಳಿದೆ.

ಚೀಲ ಹೆಗಲಿಗೇರಿಸಿದ್ದ ಅಯ್ನೋರು ಯೋಚಿಸಿದರು. "ಉಕ್ಕಬಾರ್ದು ಅಂತ ಎಲ್ಲೂ ಹೇಳಿಲ್ಲ. ಬೇಗ ಉಕ್ಸಿ. ನಾಗಸಂದ್ರದಲ್ಲಿ ಗ್ಯಾಸ್ ಒಲೆ, ಅಲ್ಲಿ ಹಾಲು ನನ್ನ ಕಾಯಲ್ಲ."

ಒಲೆಯ ಗಾಜಿನ ಮೇಲೆ ಹಾಲೂ ವಿಭೂತಿಯೂ ಕಲೆತು ಕೂತಿದ್ದವು. ಎಷ್ಟು ಒತ್ತಿದರೂ ಒಲೆ ಮಿಸುಕಲಿಲ್ಲ. ನಾನು ಮತ್ತೆ ಆ್ಯಪಿನ ಕಡೆ ಬೆರಳು ಒಯ್ದೆ.

"ಅದನ್ನ ಮುಟ್ಟಬ್ಯಾಡ್ರಿ" ಎಂದರು ಅಜ್ಜಿ. ಚಿತ್ರ ಅಲುಗಿದ್ದರಿಂದಲೇ ಅವರಿಗೆ ಗೊತ್ತಾಗಿತ್ತು. "ಮತ್ತ ಕರೇದು ಬರ್ತೈತಿ. ಏನಾಗೈತಿ ಅಲ್ಲೆ?"

ಹೆಂಡತಿ ಹೇಳಿದಳು. ಗುಂಡಿಯ ಮೇಲೆ ವಿಭೂತಿ ಇದೆ, ಒರೆಸುವುದು ಹೇಗೆ ಎಂದು.

"ಒರಸ್ಬ್ಯಾಡ. ತಗೊಂಡು ಹಣಿಗೆ ಹಚ್ಕೋ. ನಿನಗಷ್ಟ ಅಲ್ಲ, ಅಳಿಯಾರಿಗೂ ಹಚ್ಚು. ಇವತ್ತ ಅವರಿಗೆ ಭಾಳ ಬೇಕಾಗೈತಿ."

ಅವಳು ಗಾಜಿನ ಮೇಲಿನ ವಿಭೂತಿಯನ್ನು ಬೆರಳಲ್ಲಿ ಬಳಿದು ತನ್ನ ಹಣೆಗೆ ಎಳೆದುಕೊಂಡಳು. ನನ್ನ ಹಣೆಗೆ ಎಳೆದಳು. ಮಿಕ್ಕಿದ್ದು ಗೆಳೆಯನ ಹಣೆಗೆ ಹೋಯಿತು. ಅಯ್ನೋರು ತಲೆದೂಗಿದರು. ಗಾಜು ಬರಿದಾಯಿತು. ಒದ್ದೆಯನ್ನು ಸೀರೆಯ ಸೆರಗಿನಿಂದ ಒತ್ತಿ, ಉರಿಯ ಗುಂಡಿಯನ್ನು ಅವಳೇ ಮೇಲಿನ ತುದಿಯವರೆಗೆ ಏರಿಸಿದಳು.

ನಾನು ಫೋನನ್ನು ಸ್ಟ್ಯಾಂಡಿನಿಂದ ಬಿಡಿಸಿ ಎರಡೂ ಕೈಯಲ್ಲಿ ಹಿಡಿದು ನಿಂತೆ. ಬೇರೇನೂ ಮಾಡಕೂಡದೆಂದು ಅಪ್ಪಣೆಯಾಗಿತ್ತು. ಬ್ಯಾಟರಿ ಕಡಿಮೆಯಾಗಿದೆ ಎಂಬ ಸೂಚನೆ ಅಜ್ಜಿಯ ಹಣೆಯ ಮೇಲೆಯೇ ಬಂದು ಕೂತಿತು. ತೆಗೆಯಲು ಬೆರಳಾಡಿಸಲಿಲ್ಲ. ಗೆಳೆಯ ಕೂಡ ರೆಕಾರ್ಡ್ ಮಾಡುವುದನ್ನು ಮರೆತು ಪಾತ್ರೆಯನ್ನೇ ನೋಡುತ್ತಿದ್ದ. ಹೀಗಾಗಿ ಮುಂದಿನದಕ್ಕೆ ವಿಡಿಯೊ ಇಲ್ಲ, ನಾನು ಹೇಳಿದ್ದನ್ನು ನಂಬಬೇಕು.

ಹಾಲು ಮೆಲ್ಲಗೆ ಅಂಚಿಗೆ ಬಂತು. ನಿಂತಿತು ಎನ್ನಿಸಿತು. ಹೆಂಡತಿ ಅಜ್ಜಿಯ ಕನ್ನಡದಲ್ಲಿ "ಬಾರ, ಬಾ" ಎಂದು ಕರುವನ್ನು ಕರೆಯುವಂತೆ ಕರೆದಳು. ಆಮೇಲೆ ಅದು ಒಂದು ಬದಿಯಿಂದ ಬಾಗಿ ಇಳಿದು, ಗಾಜಿನ ಮೇಲೆ ಚುರ್ರೆಂದು ಹರಿಯಿತು.

ಅಜ್ಜಿ ನಕ್ಕರು ಎಂದು ನಾನು ಅಂದು ದಿನಚರಿಯಲ್ಲಿ ಬರೆದಿದ್ದೇನೆ. ಹೆಂಡತಿ ಇದನ್ನು ಒಪ್ಪುವುದಿಲ್ಲ. ಅಜ್ಜಿ ನಗಲಿಲ್ಲ, ಕನ್ನಡಕ ಸರಿಮಾಡಿಕೊಂಡು ನೋಡಿದರು, ನಕ್ಕವನು ನೀನು ಎನ್ನುತ್ತಾಳೆ. ಇರಬಹುದು. ಆದರೆ ಅವರು ಆಡಿದ ಮಾತಿನ ಬಗ್ಗೆ ನಮ್ಮಿಬ್ಬರಲ್ಲಿ ತಕರಾರಿಲ್ಲ.

"ಆತು. ಇನ್ನ ಅದು ನಿಮ್ಮನಿ" ಎಂದರು. ಹೆಂಡತಿ ಫೋನಿನ ಹತ್ತಿರ ಬಂದಳು, ಏನೋ ಹೇಳಬೇಕೆಂದು ಬಾಯಿ ತೆರೆದಳು.

"ಅಳಬ್ಯಾಡ, ಒಲಿ ಆರ್ಸು ಮೊದಲ" ಎಂದರು ಅಜ್ಜಿ. "ನನ್ನ ಫೋನ್ ಭಾಳ ಕಾಯ್ದೈತಿ, ಇಡ್ತೀನಿ. ಗುಳಿಗಿ ತಗೋಬೇಕು."