ಚೊಚ್ಚಲ ಹೆರಿಗೆ ಎಲ್ಲಿ?

ಬಸುರಿಯನ್ನು ಕಂಡ ಕೂಡಲೇ ನಮ್ಮ ಬಳ್ಳಾರಿಯ ಜನ ಕೇಳುವ ಮೊದಲ ಪ್ರಶ್ನೆ ಅವಳ ಆರೋಗ್ಯದ್ದಲ್ಲ, ಎಷ್ಟು ತಿಂಗಳಾಯಿತೆಂಬುದೂ ಅಲ್ಲ; “ಹೆರಿಗಿ ಎಲ್ಲಿ?” ಎಂಬುದು. ಸೊಸೆ ಸುಜಾತಾಳನ್ನು ಕರೆದುಕೊಂಡು ಪಾರ್ವತಿನಗರದ ನಮ್ಮ ಓಣಿಯಲ್ಲಿ ಸಂಜೆ ನಾಲ್ಕು ಹೆಜ್ಜೆ ಅಡ್ಡಾಡಿ ಬಂದರೆ ಸಾಕು, ಸೊಪ್ಪು ಮಾರುವಾಕೆ, ಇಸ್ತ್ರಿ ಅಂಗಡಿಯಾತ, ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿರುವ ಎದುರುಮನೆಯವರು, ಎಲ್ಲರಿಗೂ ಅದೊಂದೇ ಕುತೂಹಲ. ಚೊಚ್ಚಲು ತವರಿನಲ್ಲಲ್ಲದೆ ಮತ್ತೆಲ್ಲಿ? ಕೇಳಿದವರು ಒಂದು ಊರಿನ ಹೆಸರನ್ನಷ್ಟೇ ನಿರೀಕ್ಷಿಸುತ್ತಾರೆ. ಸುಜಾತಾ ನಕ್ಕು “ಇಲ್ಲೇರಿ” ಎನ್ನುತ್ತಿದ್ದಳು. ಆಮೇಲೆ ಮನೆಯ ಕಡೆ ಹೆಜ್ಜೆ ಚುರುಕು ಮಾಡುತ್ತಿದ್ದಳು.

ಅವಳ ತವರು ಸಿರುಗುಪ್ಪ. ಬಸ್ಸು ಹತ್ತಿದರೆ ಒಂದು ನಿದ್ದೆ ಮುಗಿಯುವುದರೊಳಗೆ ತಲುಪುವ ಊರು ಅದಾದರೂ ಎರಡು ವರ್ಷದಿಂದ ಅವಳ ಪಾಲಿಗೆ ವಿದೇಶವಾಗಿತ್ತು. ನನ್ನ ಮಗನನ್ನು ಅವಳು ತಾನೇ ಮೆಚ್ಚಿ ಮದುವೆಯಾದವಳು, ಜಾತಿ ಬೇರೆ. ಹಟ ಹಿಡಿಯುವವರು ನಾವೇ ಎಂದು ಬಂಧುಬಳಗವೆಲ್ಲ ಕಾದು ಕುಳಿತಿತ್ತು. ಆದರೆ ಹಟ ಹಿಡಿದದ್ದು ಆಟೋ ಓಡಿಸುವ ಅವಳ ಅಪ್ಪ. “ದೊಡ್ಡೋರ ಮನಿಗಿ ಹೋಗಿ ಸಣ್ಣಾಕಿ ಆಗಿ ಇರ್ತೀ ಅಂದ್ರ ಇರು. ನಮ್ಮೋರು ಯಾರೂ ಆ ಹೊಸಲು ತುಳಿಯಂಗಿಲ್ಲ” ಎಂದುಬಿಟ್ಟ ಆತ, ಮದುವೆಗೂ ಬರಲಿಲ್ಲ, ಹೆಂಡತಿಯನ್ನೂ ಕಳಿಸಲಿಲ್ಲ. ಬಸುರಿನ ಸುದ್ದಿ ತಿಳಿಸಲು ನನ್ನ ಮಗ ಮಾಡಿದ ಫೋನನ್ನು ಸಹ ಎತ್ತಲಿಲ್ಲ. ಆತನ ಮಾತಿನ ಹಿಂದಿದ್ದ ಸ್ವಾಭಿಮಾನವನ್ನು, ಮೂವತ್ತು ವರ್ಷ ಕನ್ನಡ ಪಾಠ ಮಾಡಿದ ನಾನು, ಅರ್ಥಮಾಡಿಕೊಳ್ಳಲು ಬಹಳ ತಡಮಾಡಿದೆ.

ನಿಮ್ಮಲ್ಲಿ ಮುಚ್ಚುಮರೆಯೇಕೆ, ಒಳಗೊಳಗೇ ನನಗೆ ಖುಷಿಯಾಗಿತ್ತು. ನನಗೆ ಹೆಣ್ಣುಮಕ್ಕಳಿಲ್ಲ. ಸೊಸೆಯ ಬಾಣಂತನ ಪೂರ್ತಿ ನನ್ನ ಕೈಗೆ ಬಂತಲ್ಲ ಎಂಬ ಸ್ವಾರ್ಥ, ಕರುಣೆಯ ಸೀರೆ ಉಟ್ಟುಕೊಂಡು ಮನೆತುಂಬ ಓಡಾಡುತ್ತಿತ್ತು. ಕುರುಗೋಡಿನಲ್ಲಿ ನನ್ನ ಅವ್ವ ನನಗೆ ಮಾಡಿದ ಬಾಣಂತನ ನನ್ನ ಮೈಗೆ ಇನ್ನೂ ನೆನಪಿದೆ. ಹಂಡೆಯ ನೀರನ್ನು ಅವಳು ತಂಬಿಗೆಯಿಂದ ಸೊಂಟಕ್ಕೆ ಎರಚುತ್ತಿದ್ದ ಬಿರುಸಿಗೆ ನಾನು ಕಿರುಚುತ್ತಿದ್ದೆ, ಅವಳು ಬೈಯುತ್ತಿದ್ದಳು; ಆಮೇಲೆ ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಬಿಗಿದು, ಓಮಿನ ಹೊಗೆ ಹಾಕಿ, ಮಗುವನ್ನು ಒಯ್ದು ನನ್ನನ್ನು ಮಲಗಲು ಬಿಡುತ್ತಿದ್ದಳು. ಅಂಥ ನಿದ್ದೆ ನನಗೆ ಮತ್ತೆ ಯಾವತ್ತೂ ಬಂದಿಲ್ಲ. ಅವ್ವ ಹೋಗಿ ಹದಿನಾಲ್ಕು ವರ್ಷವಾಯಿತು. ಆ ಕೋಣೆಯಲ್ಲಿ ಈಗ ಅಣ್ಣನ ಮಕ್ಕಳು ಗೊಬ್ಬರದ ಚೀಲ ಒಟ್ಟಿದ್ದಾರೆ.

ಹೀಗಾಗಿ ನನ್ನ ಸಿದ್ಧತೆಗೆ ಮಿತಿಯೇ ಇರಲಿಲ್ಲ. ಗಾಂಧಿನಗರದಲ್ಲಿ, ಗೋಡೆಯ ಬಣ್ಣಕ್ಕೆ ಒಪ್ಪುವ ಪರದೆಗಳಿದ್ದ ಒಂದು ನರ್ಸಿಂಗ್ ಹೋಮಿನಲ್ಲಿ ಕೋಣೆ ಗೊತ್ತುಮಾಡಿದೆ. ಕೌಲ್ ಬಜಾರಿನ ಬಡಗಿಯ ಬೆನ್ನುಹತ್ತಿ ತೊಟ್ಟಿಲು ಮಾಡಿಸಿದೆ. ಅಂಟಿನ ಉಂಡೆಗೆ ಬೇಕಾದ ಅಂಟು, ಉತ್ತತ್ತಿ, ಒಣಕೊಬ್ಬರಿ ತಂದು ಡಬ್ಬಿ ತುಂಬಿಸಿದೆ. ಬಿಸಿಲಿಗೇ ನೀರು ಕಾಯುವ ನಮ್ಮೂರಿನಲ್ಲಿ, ಹಿತ್ತಲಿನಲ್ಲಿ ಒಲೆ ಹೂಡಿಸಿ ತಾಮ್ರದ ಹಂಡೆ ಕೂರಿಸಿದ ನನ್ನನ್ನು ಕಂಡು ಮಗ ನಕ್ಕ. ಸುಜಾತಾ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿ “ಚಲೋ ಅದಾವ್ರಿ ಅತ್ತಿ” ಎಂದಳು.

ಒಂಬತ್ತು ತುಂಬುವ ಹೊತ್ತಿಗೆ ಒಂದು ಮಧ್ಯಾಹ್ನ, ಊಟದ ತಟ್ಟೆಯ ಮುಂದೆ ಕುಳಿತು ಅವಳು ಕೇಳಿದಳು, “ಅತ್ತಿ, ಹೆರಿಗಿ ಸಿರುಗುಪ್ಪದಾಗ ಮಾಡ್ಸಿಕೊಳ್ಳಲೇನ್ರಿ? ಸರ್ಕಾರಿ ದವಾಖಾನ್ಯಾಗ?”

ಸಿರುಗುಪ್ಪದವರು ಹೆರಿಗೆಗೆ ಬಳ್ಳಾರಿಗೆ ಬರುವುದನ್ನು ಕಂಡಿದ್ದೇನೆ. ಬಳ್ಳಾರಿಯವರು ಸಿರುಗುಪ್ಪಕ್ಕೆ ಹೋಗುವುದನ್ನು ಎಲ್ಲಿಯೂ ಕೇಳಿರಲಿಲ್ಲ. “ಯಾಕವ್ವಾ, ಇಲ್ಲಿ ಏನು ಕಡಿಮಿ ಆತು?” ಎಂದೆ. ನನ್ನ ದನಿ ನನಗೇ ಚುಚ್ಚುವಂತಿತ್ತು.

ಅವಳು ತಲೆ ಎತ್ತಲಿಲ್ಲ. “ಅವ್ವ ಅಲ್ಲಿ ಹೆರಿಗಿ ವಾರ್ಡಿನಾಗ ಆಯಾ ಅದಾಳ್ರಿ, ಇಪ್ಪತ್ತು ವರ್ಷ ಆತು. ಊರ ಮಂದಿ ಕೂಸೆಲ್ಲ ಆಕಿ ಕೈಯಾಗ ಬಂದಾವು. ಆಕಿ ನಿಮ್ಮ ಹೊಸಲು ತುಳಿಯಂಗಿಲ್ಲ, ಅಪ್ಪನ ಮಾತು ಮೀರಂಗಿಲ್ಲ, ಖರೆ. ಆದ್ರ ಆ ವಾರ್ಡಿನಾಗ ಯಾರು ಮಲಗಿದ್ರೂ ಆಕಿ ಹತ್ರ ಬರಲೇಬೇಕಲ್ರಿ. ನನ್ನೊಬ್ಬಾಕಿನ ಹೆಂಗ ಬಿಡ್ತಾಳ?”

“ಮಾರಿ ತಿರುವಿದ್ರ?”

“ತಿರುವ್ಲಿ. ಕೈ ಅಂತೂ ಹಚ್ತಾಳಲ್ರಿ.”

ಅಂದು ನಾನು ಊಟ ಬಿಟ್ಟು ಎದ್ದೆ. ಸಿಟ್ಟಿತ್ತು, ಸುಳ್ಳು ಹೇಳುವುದಿಲ್ಲ. ಇಷ್ಟೆಲ್ಲ ಮಾಡಿದ ನನ್ನನ್ನು ಬಿಟ್ಟು, ಎರಡು ವರ್ಷ ಒಂದು ಮಾತೂ ಆಡದ ತಾಯಿಯ ಕೈ ಬೇಕೇ ಇವಳಿಗೆ ಎಂದು ಹಿತ್ತಲಿಗೆ ಹೋಗಿ ಹಂಡೆಯ ಮುಂದೆ ಕುಳಿತೆ. ಅಲ್ಲಿ ಕುಳಿತವಳಿಗೆ ಅವ್ವನ ಬೈಗುಳ ನೆನಪಾಯಿತು, ಸೊಂಟಕ್ಕೆ ಬಡಿಯುತ್ತಿದ್ದ ನೀರು ನೆನಪಾಯಿತು. ನನ್ನ ಅತ್ತೆಯೂ ಒಳ್ಳೆಯವರೇ ಇದ್ದರು. ಆದರೆ ಅವರು ನೀರೆರೆದಿದ್ದರೆ ನಾನು ಹಾಗೆ ಕಿರುಚುತ್ತಿದ್ದೆನೇ? ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ. ಮರುದಿನವೇ ಡಾಕ್ಟರರನ್ನು ಕಂಡೆ. ತಾಯಿ ಕೂಸು ಇಬ್ಬರೂ ಸರಿಯಾಗಿದ್ದಾರೆ, ಎಲ್ಲಿಯಾದರೂ ಆಗಬಹುದು ಎಂದರು. ಗಾಂಧಿನಗರದ ಕೋಣೆ ಬೇಡವೆಂದು ಹೇಳಿ ಬಂದೆ.

ನೋವು ಶುರುವಾದದ್ದು ಒಂದು ಬೆಳಿಗ್ಗೆ, ನಾಷ್ಟಾ ಮುಗಿದ ಮೇಲೆ. ಮಗ ಕಾರು ಓಡಿಸಿದ. ದಾರಿಯುದ್ದಕ್ಕೂ ಎದುರಿನಿಂದ ಬಳ್ಳಾರಿಯ ಕಡೆ ಹೋಗುವ ಗಾಡಿಗಳನ್ನು ನೋಡಿ, ನಾವೊಬ್ಬರೇ ತಿರುವುಮುರುವಾಗಿ ಹೊರಟೆವೇನೋ ಎನಿಸುತ್ತಿತ್ತು. ಆಸ್ಪತ್ರೆಯಲ್ಲಿ ಚೀಟಿ ಬರೆಸಲು ನಾನೊಬ್ಬಳೇ ಮುಂದೆ ಹೋದೆ. ಬಾಗಿಲಲ್ಲಿ ಬಕೆಟ್ಟು ಹಿಡಿದು ನಿಂತಿದ್ದ, ನೆರೆತ ಕೂದಲಿನ ಎತ್ತರದ ಹೆಂಗಸು ಅಡ್ಡ ಬಂದಳು. ಸೀರೆಗೆ ಸಿಕ್ಕಿಸಿದ ಹೆಸರಿನ ಬಿಲ್ಲೆಯಲ್ಲಿ ಹುಲಿಗೆಮ್ಮ ಎಂದಿತ್ತು. ಅದು ನನ್ನ ಬೀಗತಿಯ ಹೆಸರು. ನಾನು ಅವಳನ್ನು ನೋಡಿದ್ದು ಅದೇ ಮೊದಲು. ಅವಳಿಗಂತೂ ನಾನು ಯಾರೋ.

“ಎಷ್ಟನೇದ್ರಿ? ಯಾವೂರು?” ಎಂದಳು, ದಿನಕ್ಕೆ ಹತ್ತು ಸಲ ಕೇಳುವ ದನಿಯಲ್ಲಿ.

“ಮೊದಲನೇದು. ಬಳ್ಳಾರಿ.”

“ಅಯ್ಯ, ಬಳ್ಳಾರಿ ಬಿಟ್ಟು ಇಲ್ಲಿಗ್ಯಾಕ ಬಂದ್ರಿ? ಹುಡುಗಿ ತವರುಮನಿ ಇಲ್ಲೇ ಐತೇನು?”

ಹಿಂದಿನಿಂದ, ನನ್ನ ಮಗನ ತೋಳು ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಸುಜಾತಾ ಹೇಳಿದಳು, “ಹೌದವ್ವ, ಇಲ್ಲೇ.”

ಹುಲಿಗೆಮ್ಮ ಬಕೆಟ್ಟನ್ನು ಕೆಳಗಿಟ್ಟಳು. ಅಳಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. ಮಗಳ ಹೊಟ್ಟೆಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿ ಗದರಿದಳು: “ಇಂಥಾ ನೋವು ಇಟ್ಕೊಂಡು ನಡಕೋತ ಬರ್ತೀಯಾ, ಲೇ? ಬುದ್ಧಿ ಐತೇನು ನಿನಗ? ಬಾ, ಮಲಕ್ಕೋ ಬಾ!” ಗದರಿಸಿಕೊಂಡ ಸುಜಾತಾ ಆಗ ಜೋರಾಗಿ ಅತ್ತಳು. ನಮ್ಮ ಮನೆಯಲ್ಲಿ ಎರಡು ವರ್ಷದಲ್ಲಿ ಒಮ್ಮೆಯೂ ಅವಳು ಹಾಗೆ ಅತ್ತಿರಲಿಲ್ಲ, ಅದನ್ನೇ ನಾನು ಅವಳ ಸುಖವೆಂದು ತಿಳಿದುಕೊಂಡಿದ್ದೆ.

ಮಧ್ಯಾಹ್ನ ಹೆಣ್ಣುಕೂಸು ಹುಟ್ಟಿತು. ಅದನ್ನು ಒರೆಸಿ ಬಟ್ಟೆ ಸುತ್ತಿ ನನ್ನ ಕೈಗಿಟ್ಟ ಹುಲಿಗೆಮ್ಮ ನನ್ನ ಜೊತೆ ಬೇರೆ ಮಾತಾಡಲಿಲ್ಲ. ಕೂಸಿನ ಕತ್ತು ಹೇಗೆ ಹಿಡಿಯಬೇಕೆಂದು ಮಾತ್ರ, ಒಂದು ಹೆತ್ತು ಬೆಳೆಸಿದ ನನಗೆ, ಮೂರು ಸಲ ಹೇಳಿಕೊಟ್ಟಳು.

ಮೂರನೆಯ ದಿನ ಮನೆಗೆ ಹೋಗಬಹುದೆಂದರು. ನಾನು ಬಟ್ಟೆಗಂಟು ಕಟ್ಟುತ್ತಿದ್ದೆ. ಗೇಟಿನ ಹೊರಗೆ ಒಂದು ಆಟೋ ಬಂದು ನಿಂತಿತು. ಓಡಿಸುವಾತ ಇಳಿಯಲಿಲ್ಲ, ನಮ್ಮ ಕಡೆ ನೋಡಲೂ ಇಲ್ಲ. ಹಿಂದಿನ ಸೀಟಿಗೆ ಮಾತ್ರ ಮೆತ್ತನೆಯ ಕೌದಿ ಹಾಸಿ ತಂದಿದ್ದ. ಹುಲಿಗೆಮ್ಮ ಮಗಳ ತಲೆಗೆ ಕಿವಿ ಮುಚ್ಚುವಂತೆ ಬಟ್ಟೆ ಬಿಗಿದು, ಕೂಸನ್ನು ಎತ್ತಿಕೊಂಡು, ಮೊದಲ ಬಾರಿ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

“ಐದನೇ ತಿಂಗಳಿಗಿ ಕಳಸ್ತೀನ್ರಿ ಬೀಗರ, ತಪ್ಪಂಗಿಲ್ಲ. ಅಲ್ಲಿತನಾ ಆಕಿ ನನ್ನ ಮಗಳು.”

“ಆತ್ರಿ” ಎಂದೆ. ಆಟೋ ಹೊರಟಿತು, ಸುಜಾತಾ ತಿರುಗಿ ನೋಡಿ ಕೈ ಬೀಸಿದಳು, ಅವಳ ಮುಖ ಒಂಬತ್ತು ವರ್ಷದ ಹುಡುಗಿಯ ಮುಖದಂತಾಗಿತ್ತು. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಮಗ ಕಾರು ತರಲು ಹೋಗಿದ್ದ. ಬಟ್ಟೆಗಂಟು ಎದೆಗವಚಿಕೊಂಡು, ಅರವತ್ತೆರಡು ವರ್ಷದ ನಾನು, ಆ ಗೇಟಿನಲ್ಲಿ ಒಬ್ಬಳೇ ನಿಂತಿದ್ದೆ. ನನಗೆ ನನ್ನ ಅವ್ವ ಬೇಕಾಗಿದ್ದಳು.