ಸುಬ್ಬಣ್ಣನ ಚಪ್ಪಾಳೆಗೆ ಕೂಡಿದ ಹೆಸರು

ಸುಬ್ಬಣ್ಣ ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಿದರು. ಕಚ್ಚಾಡುತ್ತಿದ್ದ ನಾವೆಲ್ಲ ಸುಮ್ಮನಾದೆವು.

ನಾವು ಮೆಚ್ಚಿದ ವೃತ್ತಿಪರ ಫುಟ್‌ಬಾಲ್ ತಂಡದ ಹೊಸ ಮಾಲೀಕರು, ಹೊಸ ಹೆಸರು ಸೂಚಿಸಿ ಎಂದು ಅಭಿಮಾನಿಗಳನ್ನು ಕೇಳಿದ್ದರು. ಅದಕ್ಕಾಗಿ ಶಿರಸಿಯ ಗೆಳೆಯನ ಅಂಗಡಿಯಲ್ಲಿ ಇಪ್ಪತ್ತು ಮಂದಿ ಸೇರಿದ್ದೆವು. ‘ಸಹ್ಯಾದ್ರಿ ಸಿಡಿಲ ಪಡೆ’ ಎಂಬ ನನ್ನ ಹೆಸರೇ ಆಗಬೇಕೆಂದು, ಬಾಯಿತುಂಬ ಎಲೆ, ಅಡಿಕೆ, ತಂಬಾಕಿನ ಕವಳ ಹಾಕಿಕೊಂಡು ನಾನು ಮೇಜು ಗುದ್ದುತ್ತಿದ್ದೆ. ಯಾರೋ ‘ಕಾಡುಕೋಣ’ ಎಂದಾಗ ನಕ್ಕವನೂ ನಾನೇ.

ಮಂಚಿಕೇರಿಯ ಸುಬ್ಬಣ್ಣ ಪ್ರತಿ ಪಂದ್ಯದಲ್ಲೂ ಚಪ್ಪಾಳೆ ತಟ್ಟಿ ನಮಗೆ ಘೋಷಣೆ ಹೇಳಿಕೊಡುತ್ತಿದ್ದವರು. ತಂಬಾಕಿನ ಕವಳದಿಂದ ಗಂಟಲಿಗೆ ಕ್ಯಾನ್ಸರ್ ಬಂದು, ಆಪರೇಶನ್ ಆದಮೇಲೆ ಅವರ ದನಿ ಹೋಗಿತ್ತು. ಅವರ ಕೈಸನ್ನೆ ನೋಡಿ ಪಕ್ಕದಲ್ಲಿದ್ದ ಹೆಂಡತಿ ಹೇಳಿದರು: “ಒಂದೊಂದೇ ಹೆಸರು ಕೂಗವಡ. ಇವ್ರು ಚಪ್ಪಾಳೆ ಹಾಕಿ ನೋಡ್ತ್ರಡ.”

ಅವರು ಹೇಳಿದಂತೆ ನಾವು ಒಂದೊಂದೇ ಹೆಸರು ಕೂಗುತ್ತ ಹೋದೆವು. ಸುಬ್ಬಣ್ಣ ಹಳೆಯ ಲಯದಲ್ಲೇ ಚಪ್ಪಾಳೆ ತಟ್ಟುತ್ತ, ತಾಳ ತಪ್ಪಿದ ಹೆಸರಿಗೆಲ್ಲ ತಲೆಯಾಡಿಸಿ ಬೇಡವೆಂದರು. ನನ್ನದು ಮೊದಲೇ ಬಿತ್ತು. ‘ಕಾಡುಕೋಣ’ ಮಾತ್ರ ಅವರ ಕೈಗೆ ಸರಿಯಾಗಿ ಕೂಡಿತು. ಇಪ್ಪತ್ತು ಮಂದಿಯೂ ಗೋಡೆ ನಡುಗುವಂತೆ ಕೂಗಿದೆವು. ಸುಬ್ಬಣ್ಣನ ತುಟಿಗಳೂ ನಮ್ಮ ಜೊತೆಗೇ ಆಡುತ್ತಿದ್ದವು. ಅವರ ಹೆಂಡತಿ ಆ ಕಡೆ ಮುಖ ತಿರುಗಿಸಿದರು.

ಮಾಲೀಕರು ಕೊನೆಗೆ ಬೇರೆ ಯಾವುದೋ ಹೆಸರಿಟ್ಟರು. ಪಂದ್ಯಕ್ಕೆ ಹೋದಾಗ ನಾವು ಇಂದಿಗೂ ಕೂಗುವುದು ಕಾಡುಕೋಣವನ್ನೇ. ಆ ದಿನ ಅಂಗಡಿಯ ಮೇಜಿನ ಮೇಲೆ ಬಿಟ್ಟುಬಂದ ಕವಳದ ಸಂಚಿಯನ್ನು ತರಲು ನಾನು ಇನ್ನೂ ಹೋಗಿಲ್ಲ.