ಗಾಳಿಯ ವರಸೆ, ನೆಂಟರ ವರಸೆ

ಡಿಸೆಂಬರ್ ತಿಂಗಳ ಮೊದಲ ಭಾನುವಾರ, ಬೆಳಗಿನ ಐದೂವರೆ ಗಂಟೆ. ಸ್ಥಳ, ಕೂಟಗಲ್ಲಿನಲ್ಲಿ ನಮ್ಮ ಮನೆಯ ಹಿಂದಿನ ಅಂಗಳ. ಹಾಜರಿದ್ದವರು ನಾನು, ನನ್ನ ಅಕ್ಕ ಮತ್ತು ನನ್ನ ಮೊಮ್ಮಗಳು. ಮಗ, ಸೊಸೆ ಆಗಲೇ ರೇಷ್ಮೆಗೂಡಿನ ಚೀಲಗಳನ್ನು ಗಾಡಿಗೆ ಹಾಕಿಕೊಂಡು ರಾಮನಗರದ ಮಾರುಕಟ್ಟೆಗೆ ಹೊರಟುಹೋಗಿದ್ದರು. ಗೂಡು ಬಿಡಿಸಿ ಖಾಲಿಯಾದ, ಬಿದಿರು ಹೆಣೆದ ಚಂದ್ರಿಕೆ ತಟ್ಟಿಗಳು ಗೋಡೆಗೆ ಒರಗಿದ್ದವು. ಉಳಿದ ಜಾಗ ನಮ್ಮದು.

ಆ ದಿನದ ಕೆಲಸ ಒಂದೇ. ಮಧ್ಯಾಹ್ನ ಮೂರಕ್ಕೆ ರಾಮನಗರದಲ್ಲಿ ಮೊಮ್ಮಗಳ ಶಾಲೆಯ ಮೈದಾನಕ್ಕೆ ಹೋಗಬೇಕು. ವಾರ್ಷಿಕೋತ್ಸವಕ್ಕೆ ಹೆಣ್ಣುಮಕ್ಕಳ ತಂಡವೊಂದು ದೊಣ್ಣೆವರಸೆ ಮಾಡಲಿತ್ತು. ತಂಡದ ಮುಂದೆ ಒಬ್ಬಳೇ ನಿಂತು ಇಡೀ ಸುತ್ತು ದೊಣ್ಣೆ ತಿರುಗಿಸುವವಳು ಯಾರೆಂದು ಅಂದು ತೀರ್ಮಾನವಾಗಬೇಕಿತ್ತು. ಕೈಕಾಲಿನ ಮಟ್ಟಿಗೆ ಹೇಳುವುದಾದರೆ ಆ ಜಾಗ ನನ್ನ ಮೊಮ್ಮಗಳದೇ. ಆದರೆ ಸುತ್ತು ಅರ್ಧಕ್ಕೆ ಬರುವಷ್ಟರಲ್ಲಿ ಅವಳಿಗೆ ಉಸಿರು ಕಟ್ಟುತ್ತಿತ್ತು, ದೊಣ್ಣೆ ನಿಂತುಬಿಡುತ್ತಿತ್ತು. ಡಾಕ್ಟರು ನೋಡಿ, ಎದೆಯಲ್ಲಿ ಯಾವ ದೋಷವೂ ಇಲ್ಲ ಎಂದಿದ್ದರು. ಅವಳು ಉಸಿರು ಬಿಗಿಹಿಡಿದು ಹೊಡೆಯುತ್ತಿದ್ದಳು, ಅಷ್ಟೇ. ಅಂದೂ ನಿಂತರೆ ಇನ್ನೊಬ್ಬ ಹುಡುಗಿ ಮುಂದೆ ಬರುತ್ತಾಳೆ, ಇವಳು ಹಿಂದೆ ನಿಂತು ಬ್ಯಾನರ್ ಹಿಡಿಯಬೇಕು ಎಂದು ಆಟದ ಮಿಸ್ಸು ಹೇಳಿಯಾಗಿತ್ತು.

ನಾನು ಕನಕಪುರ, ಮಾಗಡಿ ಕಡೆಯ ಶಾಲೆಗಳಲ್ಲಿ ಡ್ರಿಲ್ ಮೇಷ್ಟರಾಗಿದ್ದು ನಿವೃತ್ತನಾದವನು. ಅದಕ್ಕೂ ಮೊದಲು ಊರ ಗರಡಿಮನೆಯಲ್ಲಿ ದೊಣ್ಣೆ ಕಲಿತವನು. ಹೊತ್ತಿಗೆ ಸರಿಯಾಗಿ ಏಳುವುದು, ತಣ್ಣೀರು ಸ್ನಾನ, ಎಣಿಸಿ ತಿನ್ನುವುದು, ಉಪಯೋಗಿಸಿದ ಸಾಮಾನನ್ನು ಒರೆಸಿ ಅದರ ಜಾಗದಲ್ಲೇ ಇಡುವುದು, ಇವೆಲ್ಲ ಗರಡಿಯಿಂದ ಬಂದದ್ದು. ನಮ್ಮ ಗರಡಿಯಲ್ಲಿ ಒಂದು ಪದ್ಧತಿಯಿತ್ತು. ಇಡೀ ಸುತ್ತನ್ನು ನಿಲ್ಲದೆ ಮುಗಿಸಿದವನಿಗೆ ಮಾತ್ರ ಗೋಡೆಯಲ್ಲಿ ಸ್ವಂತ ಗೂಟ. ಉಳಿದವರ ದೊಣ್ಣೆಗಳೆಲ್ಲ ಮೂಲೆಯಲ್ಲಿ ಒಟ್ಟಿಗೆ ಬಿದ್ದಿರಬೇಕು. ನನ್ನ ದೊಣ್ಣೆ ಈಗಲೂ ನಡುಮನೆಯಲ್ಲಿ ಗೂಟದ ಮೇಲಿದೆ. ಮೊಮ್ಮಗಳದು ಅಕ್ಕಿ ಡ್ರಮ್ಮಿನ ಹಿಂದೆ.

ಅವಳಿಗೆ ದೊಣ್ಣೆಯ ಹುಚ್ಚು ಹತ್ತಿದ್ದು ನನ್ನಿಂದಲ್ಲ. ಅದು ಜಪಾನಿನಿಂದ ಬಂತು. ರಾತ್ರಿ ಎಂಟಕ್ಕೆ ಅವಳು ಟೀವಿಯಲ್ಲಿ ಒಂದು ಕಾರ್ಟೂನು ಹಾಕುತ್ತಾಳೆ. ಕಾರ್ಟೂನು ಎಂದರೆ ಅವಳಿಗೆ ಸಿಟ್ಟು.

"ಕಾರ್ಟೂನಲ್ಲ ತಾತ, ಅನಿಮೆ."

"ಅದ್ಯಾವ ಎಮ್ಮೆ ಕೂಸೇ?" ಎಂದು ಅಕ್ಕ ಮೊದಲ ದಿನವೇ ಕೇಳಿದ್ದಳು.

ಕತೆ ಇಷ್ಟು. ರಾತ್ರಿ ಹೊತ್ತು ರಾಕ್ಷಸರು ಬಂದು ಮನುಷ್ಯರನ್ನು ತಿನ್ನುತ್ತಾರೆ. ಬಿಸಿಲು ಬಿದ್ದರೆ ಸುಟ್ಟುಹೋಗುತ್ತಾರೆ. ಅವರನ್ನು ಬೇಟೆಯಾಡಲು ಕತ್ತಿ ಹಿಡಿದವರ ಒಂದು ಪಡೆ ಇದೆ. ಪಡೆಯಲ್ಲಿ ಎಲ್ಲರಿಗಿಂತ ಮೇಲಿನವರನ್ನು ಕಂಬಗಳು ಎಂದು ಕರೆಯುತ್ತಾರೆ, ಮಾಡಿನ ಭಾರವೆಲ್ಲ ಅವರ ಮೇಲೆ ಎಂಬ ಅರ್ಥದಲ್ಲಿ. ಒಬ್ಬೊಬ್ಬರಿಗೂ ಒಂದೊಂದು ವರಸೆ. ನೀರಿನದು, ಬೆಂಕಿಯದು, ಗಾಳಿಯದು, ಬಂಡೆಯದು, ಹುಳುವಿನದು. ಎಲ್ಲ ವರಸೆಗೂ ಮೂಲ ಉಸಿರು. ಉಸಿರು ಆಡಿಸುವ ಬಗೆ ಬೇರೆಯಾದರೆ ಕತ್ತಿ ಬೀಸುವ ಬಗೆಯೂ ಬೇರೆ.

"ನಮ್ಮೂರಲ್ಲಿ ಕೆಲ್ಸ ಮಾಡ್ದೆ ನಿಂತೋನ್ನ ಕಂಬದಂಗೆ ನಿಂತವ್ನೆ ಅಂತೀವಿ," ಎಂದಳು ಅಕ್ಕ. "ಅವ್ರೂರಲ್ಲಿ ಸಾಬಾಸ್‌ಗಿರಿ ಕೊಡ್ತಾರಾ?" ಹುಳುವಿನ ವರಸೆಯ ಹೆಣ್ಣುಮಗಳು ಬಂದಾಗ ಮಾತ್ರ ಅವಳು ಕುರ್ಚಿ ಮುಂದಕ್ಕೆ ಎಳೆದುಕೊಂಡಳು. "ನಾವೂ ಹುಳ ಸಾಕೋರು. ಅವ್ಳು ನಮಗೆ ಬೀಗ್ತಿ ಆಗ್ಬೇಕು ಬುಡು."

ನಾನು ನಗಲಿಲ್ಲ. ಗರಡಿಯಲ್ಲಿ ಕಲಿಸುವ ವಸ್ತಾದರು ಹುಡುಗನ ಮುಖಕ್ಕಿಂತ ಮೊದಲು ಕಾಲು ನೋಡುತ್ತಿದ್ದರು. ನಾನೂ ಆ ವೀರರ ಕಾಲು ನೋಡಿದೆ. ನೀರಿನವನ ಪಾದ ಒಂದು ಕ್ಷಣವೂ ನಿಲ್ಲುವುದಿಲ್ಲ, ಒಂದು ಏಟಿನ ಕೊನೆಯೇ ಇನ್ನೊಂದರ ಶುರು. ಬೆಂಕಿಯವನು ನೇರ ನುಗ್ಗುತ್ತಾನೆ, ಭಾರವೆಲ್ಲ ಮುಂಗಾಲಿನ ಮೇಲೆ. ಬಂಡೆಯವನು ಕದಲುವುದಿಲ್ಲ, ಸೊಂಟದಿಂದ ಮೇಲಕ್ಕೆ ಮಾತ್ರ ತಿರುಗುತ್ತಾನೆ. ಚಿತ್ರ ಬರೆದವರು ಯಾರೋ ಕಾಲು ಬಲ್ಲವರು. ಆ ವೀರರಲ್ಲಿ ಯಾರೂ ಹಾಸಿಗೆಯಿಂದೆದ್ದು ನೇರ ಕಂಬವಾದವರಲ್ಲ. ಪ್ರತಿಯೊಬ್ಬರ ಹಿಂದೆಯೂ ಬೆವರು ಹರಿಸಿ ಕಲಿಸಿದ ಒಬ್ಬ ಗುರುವಿದ್ದಾನೆ. ಸಮುದ್ರದಾಚೆಯ ಒಂದು ದೇಶ ನಮ್ಮ ಗರಡಿಯ ಶಿಸ್ತನ್ನೇ ಬಣ್ಣದಲ್ಲಿ ಬರೆದಿದೆ ಎಂದು ನನಗೆ ಹೆಮ್ಮೆಯಾಗಿತ್ತು.

ನನ್ನ ತಕರಾರು ಒಂದೇ ಇತ್ತು. ಹೊಡೆಯುವಾಗಲೆಲ್ಲ ಅವರು ಪಟ್ಟಿನ ಹೆಸರನ್ನು ಗಟ್ಟಿಯಾಗಿ ಕೂಗುತ್ತಾರೆ. ಎದುರಾಳಿಗೆ ಹೇಳಿ ಹೊಡೆಯುವವನನ್ನು ನಾನು ಯಾವ ಗರಡಿಯಲ್ಲೂ ಕಂಡಿರಲಿಲ್ಲ.

"ಅದು ಸ್ಟೈಲ್ ತಾತ," ಎಂದಿದ್ದಳು ಮೊಮ್ಮಗಳು.

ಭಾನುವಾರಕ್ಕೆ ಬರುತ್ತೇನೆ. ಐದೂವರೆಗೆ ಶುರು ಮಾಡಿದೆವು. ಅಕ್ಕ ಜಗಲಿಯ ಮೇಲೆ ಅವರೆಕಾಯಿ ಗುಡ್ಡೆ ಹಾಕಿಕೊಂಡು ಬಿಡಿಸುತ್ತಾ ಕೂತಿದ್ದಳು. ದೊಡ್ಡಮಳೂರಿನ ತನ್ನ ಮನೆಯಿಂದ ಅವರೆಯ ಕಾಲಕ್ಕೆಂದು ಬಂದವಳು ಅವಳು. ಹಿದಕಿದ ಅವರೆಯ ಸಾರು ಮುಗಿಯುವವರೆಗೆ ಹೋಗುವವಳಲ್ಲ.

ಮೊಮ್ಮಗಳು ನಮಸ್ಕಾರ ಮಾಡಿ ದೊಣ್ಣೆ ಎತ್ತಿದಳು. ಅವಳು ಆರಿಸಿಕೊಂಡದ್ದು ಗಾಳಿಯ ವರಸೆ. ಸುತ್ತಿ ಸುತ್ತಿ ಬೀಸುವುದು, ನೋಡಲು ಚೆಂದ. ತುಟಿ ಕಚ್ಚಿ, ಕೆನ್ನೆ ಉಬ್ಬಿಸಿ, ಎದೆ ತುಂಬ ಗಾಳಿ ತುಂಬಿಕೊಂಡು ಶುರು ಮಾಡಿದಳು.

"ಉಸಿರು ಬಿಡು! ಹೊಡೆತಕ್ಕೊಂದು ಉಸಿರು!" ಎಂದು ನಾನು ವಿಷಲ್ ಊದಿದೆ. ವಿಷಲ್ ಕೇಳಿದರೆ ಅವಳು ಇನ್ನೂ ಬಿಗಿಯಾಗುತ್ತಾಳೆ. ಅರ್ಧ ಸುತ್ತಿಗೆ ಕಣ್ಣು ಕೆಂಪಾಯಿತು, ಕಾಲು ತಪ್ಪಿತು, ದೊಣ್ಣೆ ಹೋಗಿ ಚಂದ್ರಿಕೆಗೆ ಬಡಿಯಿತು. ಅವಳು ಮಂಡಿಯ ಮೇಲೆ ಕೈಯೂರಿ ಏದುಸಿರು ಬಿಡುತ್ತ ನಿಂತಳು.

"ಅಯ್ಯೋ, ಏನ್ಲಾ ಇದು? ಮಗೀನ ಮೊಕ ನೋಡ್ಲಾ," ಎಂದಳು ಅಕ್ಕ.

"ಗಾಳಿ, ದೊಡ್ಡಜ್ಜಿ," ಎಂದು ಮೊಮ್ಮಗಳು ಏದುತ್ತಲೇ ಹೇಳಿದಳು. "ನಂದು ಗಾಳಿ."

ಅಕ್ಕನ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು. "ಗಾಳಿ ಮೆಟ್ಕತಾ? ಅದಕ್ಕೇ ಹೇಳ್ದೆ, ಹೊತ್ತು ಮುಳುಗಿದ್ ಮ್ಯಾಲೆ ಆ ರಾಕ್ಷಸ್ರನ್ನ ಮನೆ ಒಳಕ್ಕೆ ಕರೀಬ್ಯಾಡಿ ಅಂತ. ಲೇ ತಮ್ಮ, ಒಸಿ ಉಪ್ಪು ಮೆಣಸಿನಕಾಯಿ ತತ್ತಾ, ಇಳಿ ತೆಗೀತೀನಿ."

"ಮೆಟ್ಕೊಳ್ಳೋ ಗಾಳಿ ಅಲ್ಲ ದೊಡ್ಡಜ್ಜಿ! ಬೀಸೋ ಗಾಳಿ. ಅದು ವರಸೆ!"

"ವರ್ಸೆನಾ? ಗಾಳಿ ಯಾವ ಕಡೇಯಿಂದ ವರ್ಸೆ ಆಯ್ತದೆ ನಮಗೆ?"

ಅಕ್ಕನಿಗೆ ವರಸೆ ಎಂದರೆ ನೆಂಟಸ್ತಿಕೆಯ ವರಸೆ ಒಂದೇ. ಯಾರು ಯಾರಿಗೆ ಏನಾಗಬೇಕು ಎಂಬುದು. ನಮ್ಮ ಸೀಮೆಯಲ್ಲಿ ಹೊಸಬರು ಸಿಕ್ಕರೆ ಹೆಸರಿಗಿಂತ ಮೊದಲು ಅದನ್ನೇ ಕೇಳುವುದು. ಮೊಮ್ಮಗಳು ನಗುತ್ತ ಜಗಲಿಯ ಮೇಲೆ ಕುಸಿದಳು.

"ಅದಿರ್ಲಿ, ಮಧ್ಯಾನ ನಿನ್ ನೋಡೋ ಆ ಮಿಸ್ಸಮ್ಮ ಯಾವ ವರ್ಸೆ?" ಎಂದು ಅಕ್ಕ ಮುಂದುವರಿಸಿದಳು.

"ಅವ್ರಿಗೆ ಯಾವ ವರಸೇನೂ ಬರಲ್ಲ. ತಾತನ ಥರ ವಿಷಲ್ ಊದ್ತಾರೆ, ಅಷ್ಟೇ."

"ವರ್ಸೆ ಇಲ್ದೋರು ಯಾರಮ್ಮಿ ಅವ್ರೆ? ಅವತ್ತು ಮಾಗಡಿಯೋರು ಅಂದಿದ್ಯಲ್ಲ, ಮಾಗಡಿಗೆ ನಮ್ಮತ್ತೆ ತಂಗೀನ ಕೊಟ್ಟದ್ದು, ಆವಮ್ಮನ ಮೈದುನ ನಿಮ್ಮಪ್ಪನಿಗೆ ಮಾವ, ಆ ಮಾವನ ಷಡ್ಡಕ ಕನಕಪುರದೋನು, ಷಡ್ಡಕನ ಹೆಂಡ್ತಿ ಓರಗಿತ್ತಿ ನಮ್ಮೂರ್ ಮಗಳು, ಅವ್ಳ ನಾದಿನಿ ಮಗಳೇನಾರ ನಿಮ್ ಮಿಸ್ಸಾದ್ರೆ ನಿಂಗೆ ಅತ್ತೆ ಆಯ್ತದೆ ಕಣವ್ವ!"

ಇದಿಷ್ಟನ್ನೂ ಅಕ್ಕ ಒಂದೇ ಓಟದಲ್ಲಿ ಹೇಳಿದಳು. ಒಂದು ಸಂಬಂಧಕ್ಕೆ ಒಂದು ಅವರೆಕಾಯಿ ಸಿಡಿದು ಕಾಳು ಮೊರಕ್ಕೆ ಬೀಳುತ್ತಿತ್ತು. ಮಾವ ಎಂದಾಗ ಒಂದು, ಷಡ್ಡಕ ಎಂದಾಗ ಇನ್ನೊಂದು. ನನಗಿಂತ ಹಿರಿಯಳು, ಮೆಟ್ಟಿಲು ಹತ್ತಿದರೆ ಏದುವವಳು, ಮಾಗಡಿಯಿಂದ ಕನಕಪುರದವರೆಗೆ ನೆಂಟರನ್ನು ಸುತ್ತಿ ಬಂದರೂ ಅವಳ ಉಸಿರು ಅಲುಗಲಿಲ್ಲ. ಮಾತು ಹೊರಗೆ ಹೋಗುವಾಗ ಉಸಿರೂ ಹೊರಗೆ ಹೋಗಲೇಬೇಕು. ಬಾಯಿ ಬಿಟ್ಟು ಕೂಗುವವರು ಉಸಿರು ಬಿಗಿಹಿಡಿಯಲಾರರು. ಆಗ ಆ ಜಪಾನಿನ ವೀರರು ಯಾಕೆ ಕೂಗುತ್ತಾರೆಂದು ನನಗೆ ತಿಳಿಯಿತು.

"ಏಳು," ಎಂದೆ. ವಿಷಲ್ಲನ್ನು ಜೇಬಿಗೆ ಹಾಕಿದೆ. "ನಿನ್ನ ವೀರರ ಹಾಗೆ ಕೂಗು. ಒಂದು ಏಟಿಗೆ ಒಬ್ಬ ನೆಂಟ."

"ತಾತ! ಎಲ್ರೂ ನಗ್ತಾರೆ."

"ಇಲ್ಲಿ ಯಾರಿದ್ದಾರೆ? ನಿನ್ನ ದೊಡ್ಡಜ್ಜಿ ಹೇಗೂ ನಗುವವಳೇ."

ಅವಳು ನಿಂತಳು. ಮೊದಲ ಏಟಿಗೆ "ತಾತ" ಎಂದು ಪಿಸುಗುಟ್ಟಿದಳು. "ಕೇಳ್ನಿಲ್ಲ ಕೂಸೇ," ಎಂದಳು ಅಕ್ಕ. "ಮಾವ!" ಎಂದು ಮೊಮ್ಮಗಳು ಕೂಗಿದಳು, ದೊಣ್ಣೆ ಭುಜದಿಂದ ಇಳಿಯಿತು. "ಅತ್ತೆ! ಭಾವ!" ಕಾಲು ಸಲೀಸಾಯಿತು. ಪೂರ್ತಿ ಸುತ್ತಿ ಬೀಸಬೇಕಾದ ಕಡೆ ಯಾರನ್ನು ಕೂಗುವುದೆಂದು ಅವಳು ತಡವರಿಸಿದಾಗ ಅಕ್ಕ ಜಗಲಿಯಿಂದಲೇ "ಓರಗಿತ್ತಿ!" ಎಂದು ಎಸೆದಳು. ಆ ಉದ್ದದ ಶಬ್ದ ಆ ಉದ್ದದ ಬೀಸಿಗೆ ಅಳತೆ ತೆಗೆದು ಮಾಡಿದಂತಿತ್ತು. ನೆಲಕ್ಕೆ ಗುದ್ದುವ ಏಟಿಗೆ "ಷಡ್ಡಕ!" ಕೊನೆಯ ಏಟಿಗೆ "ಬೀಗ್ತಿ!" ಸುತ್ತು ಮುಗಿದಿತ್ತು. ಅವಳು ಏದದೆ ನೆಟ್ಟಗೆ ನಿಂತೇ ಇದ್ದಳು.

"ಬೀಗ್ತಿಗೇ ಜೋರಾಗಿ ಬಿತ್ತು ನೋಡ್ಲಾ," ಎಂದು ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

ಮೂರಕ್ಕೆ ಮೈದಾನದಲ್ಲಿದ್ದೆವು. ಅಕ್ಕನೂ ಬಸ್ಸು ಹತ್ತಿ ಬಂದಿದ್ದಳು, ಮಿಸ್ಸಿನ ವರಸೆ ವಿಚಾರಿಸಲು. ಮೊದಲು ಇನ್ನೊಬ್ಬ ಹುಡುಗಿ ಸುತ್ತು ಮಾಡಿದಳು. ಕೈ ಒರಟು, ಆದರೆ ಕೊನೆಯವರೆಗೂ ನಿಲ್ಲಲಿಲ್ಲ. ಇವಳ ಸರದಿ ಬಂತು. ತುಟಿ ಮಾತ್ರ ಅಲುಗುತ್ತಿತ್ತು, ನಾಚಿಕೆಗೆ ಸದ್ದು ಬರುತ್ತಿರಲಿಲ್ಲ. ಅರ್ಧ ಸುತ್ತಿನ ಆ ಜಾಗ ಹತ್ತಿರವಾದಂತೆ ಅವಳ ಕೆನ್ನೆ ಉಬ್ಬತೊಡಗಿದ್ದನ್ನು ನಾನು ದೂರದಿಂದಲೇ ಕಂಡೆ. ದೊಣ್ಣೆ ನಿಧಾನವಾಯಿತು. ಮಿಸ್ಸು ವಿಷಲ್ಲನ್ನು ಬಾಯಿಗೆ ಇಟ್ಟರು.

"ಓರಗಿತ್ತೀ!"

ಕೂಗಿದ್ದು ಅಕ್ಕನಲ್ಲ, ನಾನಲ್ಲ. ಅವಳೇ. ಮೈದಾನಕ್ಕೆಲ್ಲ ಕೇಳಿತು. ದೊಣ್ಣೆ ಪೂರ್ತಿ ಸುತ್ತಿ ಬಂತು. ಸಾಲಿನಲ್ಲಿ ಕೂತಿದ್ದ ಹುಡುಗಿಯರು ಗೊಳ್ಳೆಂದು ನಕ್ಕರು, ಅವಳು ನಿಲ್ಲಲಿಲ್ಲ. "ನಾದಿನಿ! ಷಡ್ಡಕ!" ನಕ್ಕವರೇ ಏಟಿಗೊಂದು ಚಪ್ಪಾಳೆ ಹಾಕಲು ಶುರು ಮಾಡಿದರು. "ಬೀಗ್ತಿ!" ಎಂದು ಕೊನೆಯ ಏಟು ಬಿದ್ದಾಗ ಅವಳ ಕಾಲು ಶುರು ಮಾಡಿದ ಗೆರೆಯ ಮೇಲೇ ಇತ್ತು. ಗರಡಿಯಲ್ಲಿ ಅದಕ್ಕಿಂತ ಹೆಚ್ಚಿನದನ್ನು ಯಾರೂ ಕೇಳುತ್ತಿರಲಿಲ್ಲ.

"ಇದ್ಯಾವ ವರಸೆ?" ಎಂದು ಮಿಸ್ಸು ನಗು ತಡೆದುಕೊಂಡು ಕೇಳಿದರು.

"ನಮ್ಮನೆ ವರಸೆ ಮಿಸ್. ನೆಂಟರ ವರಸೆ."

"ಮುಂದೆ ನೀನೇ ನಿಲ್ಲು. ಸ್ಟೇಜ್ ಮೇಲೆ ಬೀಗರನ್ನ ಒಸಿ ಮೆತ್ತಗೆ ಕರಿ, ಮುಂದಿನ ಸಾಲಲ್ಲಿ ದೊಡ್ಡೋರು ಕೂತಿರ್ತಾರೆ."

ಆ 'ಒಸಿ' ಕೇಳಿದ್ದೇ ಅಕ್ಕನಿಗೆ ಸಾಕಾಯಿತು. "ನಮ್ ಕಡೇಯೋರೇ ಕಣ್ಲಾ," ಎಂದು ಎದ್ದು ಹೋಗಿ ಮಿಸ್ಸಿನ ಕೈ ಹಿಡಿದುಕೊಂಡಳು. ಬಸ್ಸಿಗೆ ಹೊತ್ತಾಗುವಷ್ಟರಲ್ಲಿ ಅವರು ನಮಗೆ ಸೊಸೆಯ ವರಸೆಯಾಗಿದ್ದರು.

ನಾನು ಸಾಲಾಗಿ ನಿಂತ ಎಷ್ಟೋ ಮಕ್ಕಳಿಗೆ ಡ್ರಿಲ್ ಹೇಳಿದವನು. ನನ್ನ ಶಾಲೆಗಳ ತಂಡಗಳು ಗೆದ್ದು ಬಂದದ್ದೂ ಉಂಟು. ಆದರೆ ಆ ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ದೊಣ್ಣೆಯನ್ನು ಎರಡು ಮಂಡಿಗಳ ನಡುವೆ ನೆಟ್ಟಗೆ ಹಿಡಿದು ಕೂತವಳನ್ನು ನೋಡಿದಾಗ ಆದ ಹೆಮ್ಮೆಯೇ ಬೇರೆ. ಆ ಕಾರ್ಟೂನಿನವರ ಮಾತಿನಲ್ಲಿ ಹೇಳುವುದಾದರೆ, ನಮ್ಮ ಮನೆಯಲ್ಲೂ ಒಂದು ಕಂಬ ನಿಂತಿತ್ತು.

ರಾತ್ರಿ ಏಳೂವರೆಗೆ ಅವರೆಕಾಳಿನ ಸಾರು, ಮುದ್ದೆ. ಮಗ, ಸೊಸೆ ಇಬ್ಬರೂ ಓರಗಿತ್ತಿಯ ಕತೆಯನ್ನು ಎರಡೆರಡು ಸಲ ಹೇಳಿಸಿಕೊಂಡರು. ಎಂಟಕ್ಕೆ ಟೀವಿ. ನೀರಿನ ವರಸೆಯವನು ಪಟ್ಟಿನ ಹೆಸರು ಕೂಗಿ ರಾಕ್ಷಸನ ಮೇಲೆ ಹಾರಿದಾಗ ಮೊಮ್ಮಗಳು ನನ್ನ ಮುಖ ನೋಡಿದಳು.

"ಕೂಗ್ಲಿ ಬುಡು," ಎಂದಳು ಅಕ್ಕ. "ಉಸ್ರು ಹೊರಕ್ಕೆ ಹೋಗ್ಬೇಕಲ್ಲ."

ಟೀವಿ ಆರಿಸಿದ ಮೇಲೆ ಸುತ್ತಿಗೆ ತಂದು, ನಡುಮನೆಯ ಗೋಡೆಯಲ್ಲಿ ನನ್ನ ಗೂಟದ ಪಕ್ಕಕ್ಕೆ, ಅವಳ ಕೈಗೆಟುಕುವಷ್ಟು ಎತ್ತರದಲ್ಲಿ ಇನ್ನೊಂದು ಗೂಟ ಹೊಡೆದೆ. ಅವಳು ಅಕ್ಕಿ ಡ್ರಮ್ಮಿನ ಹಿಂದಿನಿಂದ ದೊಣ್ಣೆ ತಂದಳು. ಎಣ್ಣೆ ಸವರಿ, ಹಳೇ ಪಂಚೆಯ ತುಂಡಿನಿಂದ ಒರೆಸಿ, ತಾನೇ ಗೂಟಕ್ಕೆ ಹಾಕಿದಳು.